ಕೊಡಗಿನಲ್ಲಿ ಮನೆ ಕೊಳ್ಳಲು ನಮ್ಮದೇ ಬ್ರೋಕರ್ ಬೇಕೇ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಡಿಕೇರಿಯಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ, 12 ಸೆಂಟ್ ಜಾಗದ ಮನೆಯೊಂದನ್ನು ನೋಡಿದ್ದೇವೆ. ಹೇಳಿರುವ ಬೆಲೆ 85 ಲಕ್ಷ. ತೋರಿಸಿದ ಬ್ರೋಕರ್ 2 ಪರ್ಸೆಂಟ್ ಕಮಿಷನ್ ಕೊಟ್ಟರೆ ರಿಜಿಸ್ಟ್ರೇಷನ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಜಾಗ ಮೂಲತಃ ಜಮ್ಮಾ, ಅಂದರೆ ಕೊಡಗಿನ ಕುಟುಂಬಗಳ ವಂಶಪಾರಂಪರ್ಯ ಹಿಡುವಳಿ, ಈಗ ಕನ್ವರ್ಷನ್ ಆಗಿದೆಯಂತೆ. ಮಾರುವವರು ಮೂವರು ಅಣ್ಣ-ತಮ್ಮಂದಿರು, ಒಬ್ಬರು ದುಬೈನಲ್ಲಿದ್ದಾರೆ. ಭಾನುವಾರ 2 ಲಕ್ಷ ಅಡ್ವಾನ್ಸ್ ಕೊಡದಿದ್ದರೆ ಬೆಂಗಳೂರಿನ ಪಾರ್ಟಿಗೆ ಹೋಗಿಬಿಡುತ್ತದೆ ಎಂಬ ಒತ್ತಾಯವೂ ಇದೆ. ಅಮೆರಿಕದಲ್ಲಿರುವ ಮಗಳು, 'ಅವರು ಮಾರುವವರ ಏಜೆಂಟ್ ಅಪ್ಪ, ನಿಮ್ಮದೇ ಏಜೆಂಟ್ ಇಟ್ಟುಕೊಳ್ಳಿ' ಎನ್ನುತ್ತಾಳೆ. ಬೇಕೇ?

ಉತ್ತರ: ನಮಸ್ಕಾರ ಸರ್. ಮನೆ ಈಗಾಗಲೇ ಸಿಕ್ಕಿರುವುದರಿಂದ ಇನ್ನೊಬ್ಬ ಬ್ರೋಕರ್ ಬೇಡ. ಆದರೆ ನಿಮ್ಮ ಮಗಳ ಆತಂಕ ಸರಿಯಾದದ್ದೇ. ಈ ವ್ಯವಹಾರದಲ್ಲಿ ಈಗ ನಿಮ್ಮ ಕಡೆಯವರು ಅಂತ ಒಬ್ಬರೂ ಇಲ್ಲ, ಅದು ಭಾನುವಾರದೊಳಗೆ ಸರಿಹೋಗಬೇಕು.

ಮಗಳು ಹೇಳುವುದು ಅವರಿರುವ ಊರಿನ ಪದ್ಧತಿ. ಅಮೆರಿಕದಲ್ಲಿ ಮಾರುವವರಿಗೊಬ್ಬ, ಕೊಳ್ಳುವವರಿಗೊಬ್ಬ ಏಜೆಂಟ್ ಇರುವುದು ವಾಡಿಕೆ. ಬಹುಕಾಲದಿಂದ ಮಾರುವವರೇ ಇಬ್ಬರ ಕಮಿಷನ್ನನ್ನೂ ಕೊಡುತ್ತಿದ್ದರು, ಒಟ್ಟು 5ರಿಂದ 6 ಪರ್ಸೆಂಟ್. ಎದುರು ಪಕ್ಷದ ಏಜೆಂಟಿಗೆ ನಾವೇಕೆ ದುಡ್ಡು ಕೊಡಬೇಕೆಂದು ಮನೆ ಮಾರಿದವರು ಕೇಸು ಹಾಕಿದರು. 2023ರ ಅಕ್ಟೋಬರ್‌ನಲ್ಲಿ ಮಿಸೌರಿಯ ಕಾನ್ಸಾಸ್ ಸಿಟಿಯ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಅಲ್ಲಿನ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಗೆ ಬಂತು. ಅದೇ ವರ್ಷದ ಆಗಸ್ಟ್ 17ರಿಂದ, ಏಜೆಂಟ್ ಜೊತೆ ಮನೆ ನೋಡಲು ಹೊರಡುವ ಮೊದಲೇ ಅವರ ಶುಲ್ಕ ಎಷ್ಟೆಂದು ಬರೆದ ಕರಾರಿಗೆ ಕೊಳ್ಳುವವರು ಸಹಿ ಹಾಕಬೇಕು. ಅಷ್ಟೆಲ್ಲ ಲೈಸೆನ್ಸು, ಕರಾರು ಇರುವಲ್ಲೂ 'ಈ ಏಜೆಂಟ್ ಯಾರ ಕಡೆಯವರು, ದುಡ್ಡು ಯಾರದು' ಎಂಬ ಪ್ರಶ್ನೆ ಕೋರ್ಟಿನವರೆಗೆ ಹೋಯಿತು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬ್ರೋಕರ್‌ಗಳಿಗೂ ನೋಂದಣಿ ಕಡ್ಡಾಯ ಮಾಡಿದೆ. ಆದರೆ ಅದು ಡೆವಲಪರ್ ಮಾರುವ ಲೇಔಟು, ಅಪಾರ್ಟ್‌ಮೆಂಟುಗಳಿಗೆ. ಕುಶಾಲನಗರದ ಯಾವುದೋ ಹೊಸ ಲೇಔಟಿನಲ್ಲಿ ಸೈಟು ನೋಡುತ್ತಿದ್ದಿದ್ದರೆ ಬ್ರೋಕರ್‌ನ ರೇರಾ ನಂಬರ್ ಕೇಳಿ ಅನ್ನುತ್ತಿದ್ದೆ. ಒಬ್ಬರ ಹಳೆಯ ಮನೆಯನ್ನು ಇನ್ನೊಬ್ಬರು ಕೊಳ್ಳುವ ನಿಮ್ಮಂಥ ವ್ಯವಹಾರಕ್ಕೆ ಆ ರಕ್ಷಣೆ ಇಲ್ಲ. ಉಳಿಯುವುದು 1872ರ ಕರಾರು ಕಾಯ್ದೆ. ಏಜೆಂಟ್ ಆದವನು ತನ್ನನ್ನು ನೇಮಿಸಿದವರ ಹಿತ ಕಾಯಬೇಕು, ಅವರಿಗೆ ತಿಳಿಸದೆ ಪಕ್ಕದಿಂದ ಲಾಭ ಮಾಡಿಕೊಳ್ಳಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಮ್ಮ ಬ್ರೋಕರ್‌ಗಳನ್ನು ಯಾರೂ ಕಾಗದದ ಮೇಲೆ ನೇಮಿಸುವುದಿಲ್ಲ. ಎರಡೂ ಕಡೆಯ ಕಮಿಷನ್ ಪಡೆಯುವ ಮಧ್ಯಸ್ಥ ಅವರು, ಅಷ್ಟೇ.

ಬ್ರೋಕರ್ ಬೆಲೆ ಏರಿಸಿ ಮೋಸ ಮಾಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಲೆಕ್ಕ ಹಾಕಿ ನೋಡಿದರೆ ಅಪಾಯ ಇರುವುದು ಬೇರೆ ಕಡೆ. 85 ಲಕ್ಷಕ್ಕೆ 2 ಪರ್ಸೆಂಟ್ ಅಂದರೆ 1,70,000. ನೀವು ಚೌಕಾಸಿ ಮಾಡಿ 80ಕ್ಕೆ ಇಳಿಸಿದರೆ ನಿಮ್ಮಿಂದ ಅವರಿಗೆ ಬರುವುದು 1,60,000. ಹತ್ತು ಸಾವಿರಕ್ಕಾಗಿ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಎಷ್ಟೋ ಬ್ರೋಕರ್‌ಗಳು ತಾವೇ ಮುಂದೆ ನಿಂತು ಇಳಿಸಿಕೊಡುತ್ತಾರೆ. ಆದರೆ ಕ್ರಯವೇ ನಿಂತುಹೋದರೆ ಬರುವುದು ಸೊನ್ನೆ. ಎರಡು ತಿಂಗಳ ಓಡಾಟ, ಪೆಟ್ರೋಲು, ಫೋನು ಎಲ್ಲ ನೀರಿಗೆ. ದಾಖಲೆಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ, ಮನೆ ಹಿಂದಿನ ಬರೆ (ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ) ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ತನ್ನ ಅನ್ನಕ್ಕೇ ಕಲ್ಲು. ಹಾಗಿದ್ದೂ ಹೇಳುವ ಬ್ರೋಕರ್‌ಗಳನ್ನು ನಾನು ಬಲ್ಲೆ, ಅವರ ಮೇಲೆ ನನಗೆ ಗೌರವವಿದೆ. ನಿಮ್ಮ ಬ್ರೋಕರ್ ಅಂಥವರೇ ಇರಬಹುದು. ಆದರೂ ಜೀವಮಾನದ ಉಳಿತಾಯ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು. ನೀವೇ ಇನ್ನೊಬ್ಬ ಬ್ರೋಕರ್‌ನನ್ನು ಕರೆತಂದರೂ, ಕ್ರಯ ಆದರೆ ಮಾತ್ರ ದುಡ್ಡು ಕಾಣುವವರು ಒಬ್ಬರ ಬದಲು ಇಬ್ಬರಾಗುತ್ತಾರೆ. ನಿಮಗೆ ಬೇಕಾದದ್ದು, ನೀವು ಮನೆ ಕೊಂಡರೂ ಅಷ್ಟೇ ಶುಲ್ಕ, ಬಿಟ್ಟರೂ ಅಷ್ಟೇ ಶುಲ್ಕ ಪಡೆಯುವವರು.

ನಾನು ಇಪ್ಪತ್ತು ವರ್ಷಗಳಿಂದ ಮಡಿಕೇರಿಯಲ್ಲಿ ಜಮೀನಿನ ಕಾಗದ ನೋಡುವ ವಕೀಲೆ. ಆದ್ದರಿಂದ ವಕೀಲರನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುವುದನ್ನು ನೀವು ಆ ಅರಿವಿನಲ್ಲೇ ತೂಗಬೇಕು. ನನ್ನನ್ನೇ ಅಂತಲ್ಲ, ಕೊಡಗಿನ ಹಿಡುವಳಿ ಪದ್ಧತಿ ಗೊತ್ತಿರುವ ಯಾರನ್ನಾದರೂ. ಬ್ರೋಕರ್ ಸೂಚಿಸಿದವರು, ಮಾರುವವರ ಮನೆಯ ಕೆಲಸ ಮಾಡುವವರು ಮಾತ್ರ ಬೇಡ. ಶುಲ್ಕ ಮೊದಲೇ ಮಾತಾಡಿ, ಕ್ರಯದ ಮೊತ್ತಕ್ಕೆ ಪರ್ಸೆಂಟೇಜ್ ಕೇಳಿದರೆ ಒಪ್ಪಬೇಡಿ.

ಕೊಡಗಿನ ಪದ್ಧತಿ ಗೊತ್ತಿರುವವರೇ ಏಕೆ ಬೇಕು ಎಂಬುದಕ್ಕೆ ನೀವೇ ಬರೆದ 'ಜಮ್ಮಾ' ಎಂಬ ಒಂದು ಪದ ಸಾಕು. ಮೈಸೂರಿನಲ್ಲಿ ಪಹಣಿ ತೆಗೆದರೆ ಒಂಬತ್ತನೇ ಕಾಲಂನಲ್ಲಿ ಸಾಮಾನ್ಯವಾಗಿ ಮಾಲೀಕರ ಹೆಸರು ಸಿಗುತ್ತದೆ. ಇಲ್ಲಿ ಜಮ್ಮಾ ಜಾಗದ ಪಹಣಿಯಲ್ಲಿ ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ, ಹಿರಿಯರಾದ ಪಟ್ಟೆದಾರರ ಹೆಸರಿರುತ್ತದೆ, ಮುಂದೆ ಇನ್ನಷ್ಟು ಹೆಸರು. ಅವರಲ್ಲಿ ಕೆಲವರು ತೀರಿಕೊಂಡು ಎರಡು ತಲೆಮಾರು ಕಳೆದಿರಬಹುದು. ಕುಟುಂಬದವರು ಐನ್‌ಮನೆಯಲ್ಲಿ (ಮೂಲ ಮನೆಯಲ್ಲಿ) ಹಿರಿಯರ ಮುಂದೆ ಕೂತು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ. ಅವರವರ ತೋಟ, ಅವರವರ ಮನೆ, ನಲವತ್ತು ವರ್ಷದಿಂದ ಯಾವ ತಕರಾರೂ ಇಲ್ಲ. ಅದೆಲ್ಲ ಸತ್ಯವೇ. ಆದರೆ ಆ ಪಾಲು ಯಾವ ಕಾಗದದಲ್ಲೂ ಇಲ್ಲ. ಹೊರಗಿನವರು ಬಂದು ದುಡ್ಡಿನ ಮಾತು ಶುರುವಾದಾಗಲೇ ಕೆಲವರಿಗೆ ತಮ್ಮ ಪಾಲು ನೆನಪಾಗುವುದು.

ಕೆಲವು ವರ್ಷದ ಹಿಂದೆ ನಿಮ್ಮಂತೆಯೇ ನಿವೃತ್ತಿಯ ಹಣ ಹಿಡಿದುಕೊಂಡು ಬಂದ ದಂಪತಿ ನನ್ನೆದುರು ಕೂತಿದ್ದರು. ಅಡ್ವಾನ್ಸ್ ಕೊಟ್ಟಾಗಿತ್ತು. ಇಸಿ, ಅಂದರೆ ಋಣಭಾರ ಪತ್ರ, ತಂದಿದ್ದರು, ಅದರಲ್ಲಿ ಒಂದೂ ಋಣ ಇರಲಿಲ್ಲ. 'ಇಸಿ ಕ್ಲಿಯರ್ ಇದೆ ಮೇಡಂ' ಎಂದು ಆ ತಾಯಿ ಎರಡು ಸಲ ಹೇಳಿದರು. ಇಸಿಯಲ್ಲಿ ಕಾಣುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ನೋಂದಣಿಯಾಗದ ಉಯಿಲು, ಕೋರ್ಟಿನಲ್ಲಿ ಬಾಕಿ ಇರುವ ಪಾಲಿನ ದಾವೆ ಅದರಲ್ಲಿ ಕಾಣದೇ ಹೋಗಬಹುದು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಐದು ಹೆಸರಿದ್ದವು, ಕರಾರಿಗೆ ಸಹಿ ಹಾಕಿದ್ದವರು ಇಬ್ಬರು. ಹನ್ನೊಂದನೇ ಕಾಲಂನಲ್ಲಿ ಸಹಕಾರ ಸಂಘದ ಬೆಳೆ ಸಾಲದ ನಮೂದು ಹಾಗೇ ಕೂತಿತ್ತು. ಉಳಿದ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು, ಅವರಿಗೆ ಮದುವೆಯಾಗಿ ಬೇರೆ ಊರಿಗೆ ಹೋದ ಇಬ್ಬರು ಹೆಣ್ಣುಮಕ್ಕಳು. ವಂಶವೃಕ್ಷದಲ್ಲಿ ಆ ಇಬ್ಬರ ಹೆಸರೇ ಇರಲಿಲ್ಲ. ಯಾರೂ ಕೆಟ್ಟವರಲ್ಲ, ಅವರನ್ನು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಆ ಹೆಣ್ಣುಮಕ್ಕಳು ಬಂದು ಸಹಿ ಹಾಕಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಈ ದಂಪತಿ ಬಾಡಿಗೆ ಮನೆಯಲ್ಲಿದ್ದು, ಕೊಟ್ಟ ದುಡ್ಡಿನ ಚಿಂತೆಯಲ್ಲಿ ನಿದ್ದೆಗೆಟ್ಟರು. ಬ್ರೋಕರ್‌ಗೆ ಅವರ ಅರ್ಧ ಕಮಿಷನ್ ಅಡ್ವಾನ್ಸ್ ದಿನವೇ ಸಂದಾಯವಾಗಿತ್ತು.

ಹಾಗಾಗಿ 'ಜಮ್ಮಾ ಆದರೂ ಕನ್ವರ್ಷನ್ ಆಗಿದೆ' ಎಂಬ ಮಾತಿಗೆ ಸಮಾಧಾನ ಪಡಬೇಡಿ. ಕನ್ವರ್ಷನ್ ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೊಡುವ ಅನುಮತಿ. ಜಾಗ ಯಾರದು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಆದೇಶದ ಪ್ರತಿ ಕೇಳಿ. ಯಾರ ಹೆಸರಿನಲ್ಲಿದೆ, ಎಷ್ಟು ಸೆಂಟಿಗೆ, ಯಾವ ಉದ್ದೇಶಕ್ಕೆ, ಈ ಮೂರನ್ನು ಓದಿ. ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತು ನಮೂನೆ 9 ಮತ್ತು 11 ಕೂಡ ಬೇಕು, ಅವಿಲ್ಲದೆ ನೋಂದಣಿಯೇ ಮುಂದೆ ಹೋಗುವುದಿಲ್ಲ. ಕೈಗೆ ಬಂದದ್ದು 11ಎ ಅಲ್ಲದೆ, ಪೂರ್ತಿ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ಆಗಿದ್ದರೆ ಏಕೆಂದು ತಿಳಿಯುವವರೆಗೆ ಒಂದು ರೂಪಾಯಿಯೂ ಬಿಚ್ಚಬೇಡಿ. ನಮೂನೆಯಲ್ಲಿ ವಿಸ್ತೀರ್ಣ ಚದರ ಮೀಟರ್‌ನಲ್ಲಿರುತ್ತದೆ. 12 ಸೆಂಟ್ ಅಂದರೆ ಸುಮಾರು 485. ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳುವ ಹಕ್ಕು ನಿಮಗಿದೆ. ಸರ್ವೆಯರ್ ಕರೆಸಿ ನೆಲದ ಮೇಲೆ ಅಳೆಸಿ. ನಮ್ಮ ಕಡೆ ಬೇಲಿಯೆಂದರೆ ಕಾಫಿ ಗಿಡದ ಸಾಲು, ಅದು ವರ್ಷವರ್ಷಕ್ಕೂ ಚೂರು ಸರಿಯುತ್ತದೆ.

ಅಣ್ಣ-ತಮ್ಮಂದಿರು ಮೂವರೇ ವಾರಸುದಾರರೇ, ಅಕ್ಕ-ತಂಗಿಯರಿದ್ದಾರೆಯೇ ಎಂಬ ಪ್ರಶ್ನೆಯನ್ನು ನೀವೇ, ಬ್ರೋಕರ್ ಎದುರಿಗೇ, ಕಾಫಿ ಕುಡಿಯುತ್ತಾ ಕೇಳಿ. ಮುಚ್ಚಿಡಲು ಏನೂ ಇಲ್ಲದ ಮನೆಯವರು ಬೇಸರಪಡುವುದಿಲ್ಲ.

ದುಬೈನವರ ವಿಷಯ ಬೇರೆಯೇ ಎಚ್ಚರ ಬೇಡುತ್ತದೆ. ಅವರ ಪರವಾಗಿ ಅಣ್ಣ ಸಹಿ ಹಾಕುತ್ತಾರೆ ಅಂದರೆ ಪವರ್ ಆಫ್ ಅಟಾರ್ನಿ ಎಲ್ಲಿ? ಅದು ಅಲ್ಲಿನ ನೋಟರಿ ಅಥವಾ ನಮ್ಮ ದೂತಾವಾಸದ ಅಧಿಕಾರಿಯ ಎದುರು ಆಗಿರಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಮಾಡಿಸಿರಬೇಕು, ಮಾರುವ ಅಧಿಕಾರವನ್ನು ಹೆಸರಿಸಿ ಕೊಟ್ಟಿರಬೇಕು. ನಿಮಗೇ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆದುಕೊಟ್ಟು ಮನೆ ಬಿಟ್ಟುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಜಿಪಿಎಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ತೆರಿಗೆಯ ಮಾತೂ ಇದೆ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮನೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ 1 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಆದರೆ ಮಾರುವವರಲ್ಲಿ ಒಬ್ಬರು ಅನಿವಾಸಿಯಾಗಿದ್ದರೆ ಅವರ ಪಾಲಿಗೆ ಈ 1 ಪರ್ಸೆಂಟ್ ಲೆಕ್ಕ ನಡೆಯುವುದಿಲ್ಲ, ಹಿಡಿಯಬೇಕಾದ ತೆರಿಗೆ ಅದಕ್ಕಿಂತ ಬಹಳ ಹೆಚ್ಚು. ನೀವು ಹಿಡಿಯದೆ ಪೂರ್ತಿ ದುಡ್ಡು ಕೊಟ್ಟರೆ ಇಲಾಖೆಯ ನೋಟಿಸು ಬರುವುದು ದುಬೈಗಲ್ಲ, ಮೈಸೂರಿನ ನಿಮ್ಮ ವಿಳಾಸಕ್ಕೆ. ಇದನ್ನು ಬ್ರೋಕರ್ ಬಾಯಲ್ಲಿ ನಾನು ಕೇಳಿದ್ದು ಅಪರೂಪ. ಹಣ ಕೊಡುವ ಮೊದಲು ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಕಾಣಿ.

ಇನ್ನು ಮನೆಯ ದಾರಿ. ಮುಖ್ಯ ರಸ್ತೆಯಿಂದ ಮನೆಗೆ ಬರುವ ಮಣ್ಣಿನ ದಾರಿ ಯಾರ ಜಾಗದಲ್ಲಿದೆ ಅಂತ ನೋಡಿದಿರಾ? ನಮ್ಮಲ್ಲಿ ಎಷ್ಟೋ ಮನೆಗಳಿಗೆ ಪಕ್ಕದವರ ತೋಟದೊಳಗಿಂದಲೇ ದಾರಿ, ಮಧ್ಯೆ ಒಂದು ಗೇಟು. ಮಾರುವವರೂ ಪಕ್ಕದವರೂ ನೆಂಟರಾದ್ದರಿಂದ ಇಷ್ಟು ದಿನ ಗೇಟು ತೆರೆದೇ ಇತ್ತು. ನೀವು ನೆಂಟರಲ್ಲ. ದಾರಿಯ ಹಕ್ಕಿನ ಬಗ್ಗೆ 1882ರ ಈಸ್‌ಮೆಂಟ್ಸ್ ಕಾಯ್ದೆ ಇದೆ. ಅದು ಮೊಟ್ಟಮೊದಲು ಜಾರಿಯಾದ ಕೆಲವೇ ಪ್ರದೇಶಗಳಲ್ಲಿ ನಮ್ಮ ಕೊಡಗೂ ಒಂದು. ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನಡೆದಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ ನಿಜ. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ವಯಸ್ಸಲ್ಲ ನಿಮ್ಮದು ಸರ್. ದಾರಿ ಎಷ್ಟು ಅಡಿ ಅಗಲ, ವಾಹನ ಹೋಗಬಹುದೇ, ಎಲ್ಲಿಂದ ಎಲ್ಲಿಗೆ ಎಂದು ಕ್ರಯಪತ್ರದಲ್ಲೇ ಬರೆಸಿ. ದಾರಿ ಇರುವ ಜಾಗದವರ ಸಹಿ ಇದ್ದರೆ ಇನ್ನೂ ಒಳ್ಳೆಯದು. ಗೇಟಿನ ಕೀಲಿ ಯಾರ ಬಳಿ ಇದೆ ಎಂದು ಕೇಳಿದರೆ ಅರ್ಧ ಕಥೆ ಹೊರಗೆ ಬರುತ್ತದೆ.

ಕಾಗದ ಎಲ್ಲ ಸರಿಯಿದ್ದರೂ ನಾನು ಕ್ರಯ ಬೇಡ ಅನ್ನುವ ಒಂದು ಕಾರಣವಿದೆ, ಅದು ಬರೆ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಸಮತಟ್ಟು ಮಾಡಿ ಮನೆ ಕಟ್ಟುತ್ತಾರೆ, ಹಿಂದೆ ಗೋಡೆಯಂತೆ ನೆಟ್ಟಗೆ ಮಣ್ಣಿನ ಬರೆ ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಏನಾಯಿತೆಂದು ನೀವು ಟೀವಿಯಲ್ಲಿ ನೋಡಿರುತ್ತೀರಿ, ನಾವು ಇಲ್ಲಿದ್ದು ನೋಡಿದೆವು. ಗುಡ್ಡದ ಇಳಿಜಾರನ್ನು ಮನೆ, ರಸ್ತೆಗಳಿಗಾಗಿ ಕಡಿದದ್ದೂ ಆ ಕುಸಿತಗಳಿಗೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುರುತಿಸಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರೂ ಅವರ ಮನೆಯಲ್ಲಿದ್ದವರೂ ಮಣ್ಣಿನಡಿ ಹೋದರು. ಬ್ರೋಕರ್‌ಗಳು ಮನೆ ತೋರಿಸುವುದು ಹೆಚ್ಚಾಗಿ ಹುತ್ತರಿ ಕಳೆದ ಮೇಲೆ, ಬಿಸಿಲಿನಲ್ಲಿ, ಕಾಫಿ ಹಣ್ಣಾಗಿ ತೋಟ ಕೆಂಪಗೆ ಕಾಣುವಾಗ. ಆಗ ಎಲ್ಲ ಬರೆಯೂ ಗಟ್ಟಿಯಾಗಿಯೇ ಕಾಣುತ್ತದೆ.

ಬರೆಯ ಬುಡದಲ್ಲಿ ನೀರು ಒಸರುತ್ತಿದೆಯೇ ನೋಡಿ. ಒಸರು ತಿಳಿಯಾಗಿದ್ದರೆ ಒಂದು ಮಾತು, ಕೆಂಪಗೆ ಮಣ್ಣು ಕಲಸಿಕೊಂಡು ಬರುತ್ತಿದ್ದರೆ ಬೇರೆಯೇ ಮಾತು. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರಲು ಪೈಪಿನ ತೂತುಗಳಿವೆಯೇ, ಗೋಡೆಯ ಹೊಟ್ಟೆ ಮುಂದಕ್ಕೆ ಉಬ್ಬಿದೆಯೇ? ಬರೆಯ ಮೇಲಿನ ಸಿಲ್ವರ್ ಓಕ್ ಮರಗಳು ನೆಟ್ಟಗಿವೆಯೇ, ಮನೆ ಕಡೆ ವಾಲಿವೆಯೇ? ಮನೆಯ ಹಿಂದಿನ ಗೋಡೆಗೆ ಹೊಸದಾಗಿ ಸುಣ್ಣ ಬಳಿದು ಉಳಿದ ಮೂರಕ್ಕೆ ಬಳಿಯದಿದ್ದರೆ, ಬಿರುಕು ಎಲ್ಲಿತ್ತು ಎಂದು ಕೇಳಿ. ಮೇಲಿನ ಮನೆಯವರ ಬಚ್ಚಲು ನೀರು, ಶೌಚಗುಂಡಿ ಎಲ್ಲಿಗೆ ಇಳಿಯುತ್ತದೆ ಎಂದು ಬರೆಯ ಮೇಲೆ ಹತ್ತಿ ನೋಡಿ. ಅನುಮಾನ ಬಂದರೆ ಇಲ್ಲಿ ಕೆಲಸ ಮಾಡಿ ಅನುಭವವಿರುವ ಸಿವಿಲ್ ಇಂಜಿನಿಯರ್‌ಗೆ ತೋರಿಸಿ. ಒಂದು ದಿನದ ಅವರ ಶುಲ್ಕ ಇಡೀ ವ್ಯವಹಾರದಲ್ಲಿ ನೀವು ಕೊಡುವ ಅತ್ಯಂತ ಸಾರ್ಥಕ ದುಡ್ಡು. ಪಕ್ಕದ ಲೈನ್ ಮನೆಯಲ್ಲಿರುವ ಕಾರ್ಮಿಕರನ್ನು, ಬಸ್‌ಸ್ಟಾಪಿನ ಅಂಗಡಿಯವರನ್ನೂ ಮಾತಾಡಿಸಿ. 2018ರಲ್ಲಿ ಈ ಮನೆಯವರು ಎಲ್ಲಿ ಹೋಗಿದ್ದರು ಎಂಬ ಒಂದೇ ಪ್ರಶ್ನೆ ಸಾಕು.

ಹಾಗಾದರೆ ಬ್ರೋಕರ್‌ಗೆ 1,70,000 ಏಕೆ ಕೊಡಬೇಕು ಎನ್ನಬೇಡಿ. ಕೊಡಗಿನಲ್ಲಿ ಮಾರಾಟಕ್ಕಿರುವ ಎಷ್ಟೋ ಮನೆಗಳು ಆನ್‌ಲೈನ್‌ನಲ್ಲಿ ಕಾಣುವುದೇ ಇಲ್ಲ. ಮಾರುತ್ತಿದ್ದೇವೆ ಎಂದು ಹೇಳಿಕೊಳ್ಳಲು ಮನೆಯವರಿಗೂ ಸಂಕೋಚ. ಯಾರ ಮನೆ, ಯಾರ ಮನಸ್ಸು ಎಂಬುದು ಬ್ರೋಕರ್‌ಗೇ ಗೊತ್ತು. ಮೂವರು ಅಣ್ಣ-ತಮ್ಮಂದಿರನ್ನು ಒಂದು ಬೆಲೆಗೆ ಒಪ್ಪಿಸುವುದು, ಅಳತೆಗೆ ದಿನ ಗೊತ್ತುಮಾಡುವುದು, ಸಹಿಗೆ ಎಲ್ಲರನ್ನೂ ಒಂದೆಡೆ ಸೇರಿಸುವುದು ಸಣ್ಣ ಕೆಲಸವಲ್ಲ. ಹುಡುಕಿಕೊಟ್ಟದ್ದಕ್ಕೆ, ಓಡಾಡಿದ್ದಕ್ಕೆ ಕಮಿಷನ್ ನ್ಯಾಯವಾಗಿ ಸಲ್ಲಬೇಕು. ಮನೆ ಇನ್ನೂ ಹುಡುಕಬೇಕಾಗಿದ್ದು, ನೀವು ದೂರದಲ್ಲಿದ್ದಿದ್ದರೆ ನಂಬಿಕೆಯ ಒಬ್ಬ ಬ್ರೋಕರ್‌ನನ್ನು ನೀವೇ ಗೊತ್ತುಮಾಡಿಕೊಳ್ಳಿ ಎಂದೇ ಹೇಳುತ್ತಿದ್ದೆ.

ಆದರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕಮಿಷನ್ ಎಷ್ಟು, ಅದರಲ್ಲಿ ಪಾಲುದಾರ ಬ್ರೋಕರ್‌ಗಳು ಇನ್ನೆಷ್ಟು ಜನ, ಮತ್ತು ಪೂರ್ತಿ ಹಣ ಕ್ರಯಪತ್ರ ನೋಂದಣಿಯಾದ ದಿನವೇ ಹೊರತು ಅಡ್ವಾನ್ಸ್ ದಿನ ಅಲ್ಲ ಎಂದು. ಬೆಲೆಯನ್ನು ಮಾರುವವರ ಬಾಯಿಂದಲೇ, ಎದುರು ಕೂತು ಕೇಳಿ. 'ನಮಗೆ ಇಷ್ಟು ಬಂದರೆ ಸಾಕು, ಮೇಲಿನದು ನಿನಗೆ' ಎಂದು ಮನೆಯವರು ಬ್ರೋಕರ್ ಜೊತೆ ಮಾತಾಡಿಕೊಂಡಿರುವುದುಂಟು. ಹಾಗಿದ್ದಲ್ಲಿ ನಾನು ಮೇಲೆ ಹಾಕಿದ ಹತ್ತು ಸಾವಿರದ ಲೆಕ್ಕ ತಲೆಕೆಳಗಾಗುತ್ತದೆ, ನೀವು ಹೆಚ್ಚು ಕೊಟ್ಟ ಪ್ರತಿ ರೂಪಾಯಿಯೂ ಅವರದೇ.

ನಿಮ್ಮ ಬಜೆಟ್ಟಿಗೆ ಇನ್ನೊಂದು ಲೆಕ್ಕವನ್ನೂ ಸೇರಿಸಿಕೊಳ್ಳಿ. ಪಂಚಾಯಿತಿ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲಿನ ಸೆಸ್ಸು ಮತ್ತು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್‌ಗೆ ಏರಿದ ನೋಂದಣಿ ಶುಲ್ಕ, ಎಲ್ಲ ಕೂಡಿ 85 ಲಕ್ಷಕ್ಕೆ ಸುಮಾರು ಆರೂವರೆ ಲಕ್ಷ. ಇದನ್ನು ಉಳಿಸಲು ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದು ನಗದು ಕೊಡಿ ಎಂಬ ಸಲಹೆ ಬಂದರೆ ಒಪ್ಪಬೇಡಿ. ನಾಳೆ ವ್ಯಾಜ್ಯವಾದರೆ ನಿಮ್ಮ ಕೈಯಲ್ಲಿ ಉಳಿಯುವ ಪುರಾವೆ ಪತ್ರದಲ್ಲಿರುವ ಮೊತ್ತಕ್ಕೆ ಮಾತ್ರ.

ಈಗ ಭಾನುವಾರದ ಮಾತು. ಬೆಂಗಳೂರಿನ ಪಾರ್ಟಿ ಇದ್ದರೂ ಇರಬಹುದು. ಆದರೂ ಬ್ರೋಕರ್‌ಗೆ ಇಂದೇ ಫೋನ್ ಮಾಡಿ, 'ಭಾನುವಾರ ಬರುತ್ತೇವೆ, ಪಹಣಿ, ಕನ್ವರ್ಷನ್ ಆದೇಶ, ನಮೂನೆ 9 ಮತ್ತು 11, ವಂಶವೃಕ್ಷ, ದುಬೈನವರ ಪವರ್ ಆಫ್ ಅಟಾರ್ನಿ, ಇವುಗಳ ಜೆರಾಕ್ಸ್ ತೆಗೆದಿಟ್ಟಿರಿ' ಎಂದು ಹೇಳಿ. ಕೊಡಲೇಬೇಕೆನಿಸಿದರೆ ದುಡ್ಡು ಬ್ರೋಕರ್ ಕೈಗಲ್ಲ, ಮಾರುವವರ ಬ್ಯಾಂಕ್ ಖಾತೆಗೆ. ಅದೂ ದಾಖಲೆ ಸರಿಯಿಲ್ಲವೆಂದು ನಿಮ್ಮ ವಕೀಲರು ಮೂವತ್ತು ದಿನದೊಳಗೆ ಹೇಳಿದರೆ ಪೂರ್ತಿ ವಾಪಸ್ ಎಂದು ಬರೆದು, ಮಾರುವವರೆಲ್ಲ ಸಹಿ ಹಾಕಿದ ಮೇಲೆ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನೇ ಬಿಡುವುದಿಲ್ಲ ಎಂಬ ಕಾರಣವೂ ನಿಮ್ಮ ಬಳಿ ಇದೆ. ಈ ಷರತ್ತಿಗೆ ಒಪ್ಪದೆ ಬೇರೆ ಪಾರ್ಟಿಗೆ ಕೊಟ್ಟರೆ ಕೊಡಲಿ.

ಈಗ ಕಕ್ಕಡ, ಕೊಡಗಿನ ಜೋರು ಮಳೆಯ ತಿಂಗಳು, ನಾಲ್ಕು ದಿನದಿಂದ ಇಲ್ಲಿ ಮಳೆ ಬಿಟ್ಟಿಲ್ಲ. ಮಳೆಯೆಂದು ಹೋಗುವುದನ್ನು ಮುಂದೂಡಬೇಡಿ. ದೊಡ್ಡ ಕೊಡೆ ತನ್ನಿ, ಜಾರದ ಚಪ್ಪಲಿ ಹಾಕಿಕೊಳ್ಳಿ. ಜಗಲಿಯಲ್ಲಿ ಕೂರುವ ಮೊದಲು ಮನೆಯ ಹಿಂದಕ್ಕೆ ಹೋಗಿ ಆ ಬರೆಯ ಬುಡದಲ್ಲಿ ಬರುತ್ತಿರುವ ನೀರಿನ ಬಣ್ಣ ನೋಡಿ, ಒಂದು ಫೋಟೋ ತೆಗೆದು ನನಗೆ ಕಳಿಸಿ.